ಏಸಿಯಲ್ಲಿ ವಾಸಿ

ರೇವಣಸಿದ್ದನ ಕಷ್ಟಕ್ಕೆಲ್ಲ ಮೂಲ ಮಾಲೀಕರ ಕ್ಯಾಬಿನ್ನಿನಲ್ಲಿದ್ದ ಏಸಿ. ಕಾಯಿಲೆ ಅಂತ ಒಂದು ಬೇರೆ ಇತ್ತು ಅನ್ನಿ, ಆದರೆ ಅದರ ಜೊತೆ ಅವನು ಹೇಗೋ ಹೊಂದಿಕೊಂಡಿದ್ದ. ಏಸಿಯ ಜೊತೆ ಮಾತ್ರ ಆಗಿಬರಲಿಲ್ಲ.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ವೈರಿಗೆ ಇರುವ ಹಾಗೆ ನಮ್ಮ ನರಗಳಿಗೂ ಒಂದು ಹೊದಿಕೆ ಇದೆಯಪ್ಪ, ನಿನ್ನಲ್ಲಿ ಅದು ಅಲ್ಲಲ್ಲಿ ಸವೆದಿದೆ. ಮೈ ಕಾದರೆ ಕಾಲು ತಡವರಿಸುತ್ತದೆ, ನಾಲಿಗೆ ತೊದಲುತ್ತದೆ, ಒಂದಿದ್ದದ್ದು ಎರಡಾಗಿ ಕಾಣುತ್ತದೆ. ತಣ್ಣಗಾದರೆ ಬಂದ ದಾರಿಯಲ್ಲೇ ಹೋಗುತ್ತದೆ, ಅದಕ್ಕೆ ಹೆದರಬೇಡ. ಹೊಸ ತೊಂದರೆ ಏನಾದರೂ ಶುರುವಾಗಿ, ಒಂದು ಹಗಲು ಒಂದು ರಾತ್ರಿ ಕಳೆದರೂ ಹೋಗದಿದ್ದರೆ ಮಾತ್ರ ಅದು ಕಾಯಿಲೆಯೇ ಮತ್ತೆ ಕೆರಳಿದ್ದು, ಆಗ ತಡಮಾಡದೆ ಬಾ ಅಂದಿದ್ದರು. ಅಂದರೆ ತಂಪಾಗಿದ್ದರೆ ಆಯಿತು. ಕರ್ಮ ನೋಡಿ, ಅವನ ಕೆಲಸ ಇದ್ದದ್ದು ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಯಂತ್ರದ ಉಕ್ಕಿನ ಗೇರುಗಳನ್ನು ಕೆಂಪಗೆ ಕಾಯಿಸುವ ಕುಲುಮೆಯ ಬಾಯಲ್ಲಿ.

ಅದೇ ಕಾರ್ಖಾನೆಯಲ್ಲಿ ಒಂದು ಸ್ವರ್ಗವೂ ಇತ್ತು. ಅಳತೆ ಕೋಣೆ. ಬಿಸಿಗೆ ಗೇರು ಹಿಗ್ಗಿದರೆ ಅಳತೆ ತಪ್ಪುತ್ತದೆ ಅಂತ ಅದನ್ನು ವರ್ಷವಿಡೀ ತಂಪಾಗಿ ಇಡುತ್ತಿದ್ದರು. ಅಲ್ಲಿ ಕೂತು ಅಳೆಯುತ್ತಿದ್ದ ಕಮಲಮ್ಮ ರಿಟೈರಾಗಿದ್ದರು. ಆ ಕುರ್ಚಿ ಸಿಕ್ಕರೆ ರೇವಣಸಿದ್ದ ಬದುಕಿದ, ಸಿಗದಿದ್ದರೆ ಕೆಲಸ ಬಿಡುವುದೊಂದೇ ದಾರಿ. ಅಲ್ಲಿಗೆ ಯಾರು ಅಂತ ಇವತ್ತು ಸಂಜೆಯೊಳಗೆ ಹೇಳುತ್ತೇನೆ ಅಂದಿದ್ದರು ಮಾಲೀಕ ನರಸಿಂಹಯ್ಯ.

ನರಸಿಂಹಯ್ಯ ಕೆಟ್ಟವರಲ್ಲ. ಹಿಂದೆ ಇದೇ ಜಾಗದಲ್ಲಿ ರಾಗಿ ಬೆಳೆದವರು, ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುವವರು. ಡಾಕ್ಟರ ಚೀಟಿ ತೋರಿಸಿದರೆ, ರಜ ಬೇಕು ಅನ್ನೋರೆಲ್ಲ ಒಂದೊಂದು ತರ್ತಾರೆ ಅಂತ ಪಕ್ಕಕ್ಕಿಟ್ಟರು. ಸರಿ, ಕಣ್ಣಾರೆ ನೋಡಲಿ ಅಂತ ರೇವಣಸಿದ್ದ ಕುಲುಮೆಯಿಂದ ತೂರಾಡುತ್ತ ಕ್ಯಾಬಿನ್ನಿಗೆ ಹೋದಾಗಲೆಲ್ಲ ಅವರು ಫೋನಿನಲ್ಲಿರುತ್ತಿದ್ದರು. ಮಾತು ಮುಗಿಯುವ ಹೊತ್ತಿಗೆ ಇವನು ಏಸಿ ಕೆಳಗೆ ತಣ್ಣಗಾಗಿ ಲೈಟುಕಂಬದ ಹಾಗೆ ನೆಟ್ಟಗಾಗಿರುತ್ತಿದ್ದ. ಒಂಟಿ ಕಾಲಲ್ಲಿ ನಿಲ್ಲು ಅಂದರೆ ಕೊಕ್ಕರೆಯ ಹಾಗೆ ನಿಂತ, ಪಾಪ.

"ಕಲಬುರ್ಗಿ ಬಿಸ್ಲಲ್ಲಿ ಉಟ್ಟಿ ಬೆಳ್ದೋನ್ಗೆ ಸೆಕೆ ತಡ್ಯಾಕಾಗಲ್ವಂತೆ," ಅಂದಿದ್ದರು ಮಾಲೀಕರು. "ಕಪ್ಪೆಗೆ ನೆಗಡಿ ಆದಂಗಾಯ್ತು."

ಇವತ್ತು ಕೊನೆಯ ಅವಕಾಶ. ಕುಲುಮೆಯ ಜೊತೆಗಾರ ಯಮನಪ್ಪ ಮತ್ತು ಆಫೀಸಿನ ವನಜಾ ಬೆಳಗ್ಗೆಯೇ ಸಭೆ ಸೇರಿದರು. ಇಬ್ಬರಿಗೂ ಅವನ ಮೇಲೆ ಬಹಳ ಪ್ರೀತಿ, ಅದೇ ಅಪಾಯ. ಯಮನಪ್ಪ ಹಿಂದೆ ಒಮ್ಮೆ, ಹೊದಿಕೆ ಸವೆದದ್ದೇ ಆದರೆ ಇನ್ಸುಲೇಷನ್ ಟೇಪು ಸುತ್ತಿದರೆ ಸಾಕಲ್ಲ ಅಂತ ಟೇಪು ಹಿಡಿದುಕೊಂಡೇ ಬಂದಿದ್ದ. ಈ ಸಲದ ಉಪಾಯ ಇನ್ನೂ ಸರಳ. ಚೆನ್ನಾಗಿ ಕಾಯಿಸಬೇಕು, ಆರುವ ಮೊದಲೇ ಮಾಲೀಕರ ಮುಂದೆ ನಿಲ್ಲಿಸಬೇಕು. ಬೇಕಂತಲೇ ಬಿಸಿಗೆ ಹೋಗಬೇಡ ಅಂದಿದ್ದಾರೆ ಡಾಕ್ಟರು ಅಂತ ರೇವಣಸಿದ್ದ ಗೊಣಗಿದ.

"ಗೇರಿಗೆ ಮಾಡೂದು ನಿನಗ ಮಾಡಿದ್ರ ಏನಾಗ್ತದಪಾ?" ಅಂದ ಯಮನಪ್ಪ.

ಮೊದಲು ಮಿರ್ಚಿ ಬಜ್ಜಿ, ಮೇಲೆ ಕುದಿಯುವ ಚಹಾ. ಆಮೇಲೆ ಮಂಕಿ ಟೋಪಿ ತೊಡಿಸಿ, ಕಂಬಳಿ ಹೊದಿಸಿ ಕುಲುಮೆಯ ಮುಂದೆ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೇ ಯಮನಪ್ಪ ಇಬ್ಬರಾದ, ವನಜಾ ಇಬ್ಬರಾದರು, ನೆಲ ತೊಟ್ಟಿಲಾಯಿತು. ನಡೆಸಿಕೊಂಡು ಹೋದರೆ ತಡವಾಗುತ್ತದೆ ಅಂತ ಗೇರು ಸಾಗಿಸುವ ತಳ್ಳುಗಾಡಿಯಲ್ಲಿ ಕೂರಿಸಿ ಯಮನಪ್ಪ ಓಡಿಸಿದ. ತಿರುವಿನಲ್ಲಿ ನರಸಿಂಹಯ್ಯನವರೇ ಎದುರು ಬಂದರು. ಗಾಡಿ ನಿಂತಿತು, ರೇವಣಸಿದ್ದ ನಿಲ್ಲಲಿಲ್ಲ. ಕಂಬಳಿ ಸಮೇತ ಉರುಳಿ ಮಾಲೀಕರ ತುಳಸಿ ಕುಂಡಕ್ಕೆ ಒರಗಿ, ನಮಸ್ಕಾರ ಅನ್ನಲು ಹೋಗಿ ತೊದಲಿದ.

ತೊದಲು ಮಾತು, ತೂರಾಡುವ ಕಾಲು. ಮಾಲೀಕರು ಬಗ್ಗಿ ಬಾಯಿ ಮೂಸಿ ನೋಡಿದರು. ಬಜ್ಜಿ ವಾಸನೆ ಬಿಟ್ಟರೆ ಏನಿಲ್ಲ. ಹಾಗಾದರೆ ವಾಸನೆ ಬರದ ಯಾವುದೋ ದುಬಾರಿ ಮಾಲೇ ಇರಬೇಕು ಅಂತ ಅವರಿಗೆ ಇನ್ನೂ ಸಿಟ್ಟು ಬಂತು. ಕ್ಯಾಬಿನ್ನಿಗೆ ನಡಿ ಅಂದರು.

"ಇಲ್ಲೇ ಮಾತಾಡೂನ್ರೀ ಸಾಹೇಬ್ರ, ಒಳಗ ಬ್ಯಾಡ್ರಿ," ಅಂತ ರೇವಣಸಿದ್ದ ಅಂಗಲಾಚಿದ. ಕೇಳುವವರು ಯಾರು?

ಒಳಗೆ ಏಸಿ ತನ್ನ ಕೆಲಸ ತಾನು ಮಾಡಿತು. ಮಾಲೀಕರು ನೀತಿ ಹೇಳಲು ಶುರು ಮಾಡಿದಾಗ ತೂರಾಡುತ್ತಿದ್ದವನು, ಅವರು ಕುಡಿತದಿಂದ ಹಾಳಾದ ನೆಂಟರ ಕತೆಗೆ ಬರುವಷ್ಟರಲ್ಲಿ ನೆಟ್ಟಗೆ ನಿಂತಿದ್ದ. ನಡೆದು ತೋರಿಸು ಅಂದರು. ಸಿಪಾಯಿಯ ಹಾಗೆ ನಡೆದ. ಇದು ನಾಟಕ ಅಂತ ಅವರಿಗೆ ಖಾತ್ರಿಯಾಯಿತು. ಅಳತೆ ಕೋಣೆ ಹಾಗಿರಲಿ, ಇನ್ನೊಂದು ಸಲ ಹೀಗೆ ಆಡಿದರೆ ಕಾರ್ಖಾನೆಯಿಂದಲೇ ಹೊರಗೆ ಅಂದರು. ರೇವಣಸಿದ್ದನಿಗೆ ಅಳುವೇ ಬಂತು.

ಅಷ್ಟರಲ್ಲಿ ಕರೆಂಟು ಹೋಯಿತು.

ಜನರೇಟರು ಕುಲುಮೆಗೆ, ಅಳತೆ ಕೋಣೆಗೆ ಮಾತ್ರ. ಡೀಸೆಲ್ ಉಳಿಸಲು ಮಾಲೀಕರೇ ಮಾಡಿದ ನಿಯಮ. ಆದರೂ ಶುರು ಮಾಡಿದ ನೀತಿಪಾಠವನ್ನು ಅವರು ಅರ್ಧಕ್ಕೆ ಬಿಡುವವರಲ್ಲ, ಮುಂದುವರಿಸಿದರು. ಮೇಲೆ ತಗಡಿನ ಛಾವಣಿ, ಹೊರಗೆ ಏಪ್ರಿಲ್ ಬಿಸಿಲು. ಕ್ಯಾಬಿನ್ನು ಇಡ್ಲಿ ಪಾತ್ರೆಯಾಯಿತು. ಮಾಲೀಕರ ಕಣ್ಣೆದುರೇ ರೇವಣಸಿದ್ದನ ಮೊಣಕಾಲು ಸಡಿಲವಾಯಿತು, ಆಮೇಲೆ ನಾಲಿಗೆ. ಕಾಲು ಹಿಡಿದಾದರೂ ಕೇಳೋಣ ಅಂತ ಬಗ್ಗಿದರೆ ಕಂಡದ್ದು ನಾಲ್ಕು ಕಾಲು. ಯಾವುದು ನಿಜದ್ದು ಅಂತ ಗೊತ್ತಾಗದೆ ಕುರ್ಚಿಯ ಕಾಲು ಹಿಡಿದ. ಅದು ಚಕ್ರದ ಕುರ್ಚಿ. ಮಾಲೀಕರನ್ನು ಹೊತ್ತುಕೊಂಡು, ರೇವಣಸಿದ್ದನನ್ನು ಎಳೆದುಕೊಂಡು, ಹಿಂದಕ್ಕೆ ಹೋಗಿ ಗೋಡೆಗೆ ಗುದ್ದಿತು.

"ಗೇರಿಗೆ ಬಿಸಿ ಆಗಬಾರ್ದಂತ ಏಸಿ ಹಾಕೀರಿ," ಅಂತ ನೆಲದ ಮೇಲಿಂದಲೇ ತೊದಲಿದ. "ನಾನೂ ಹಂಗ ಅಂತ ತಿಳ್ಕೋರ್ರಿ."

ನರಸಿಂಹಯ್ಯನವರ ಕಣ್ಣು ಒದ್ದೆಯಾಯಿತು. ಕಣ್ಣಾರೆ ಕಂಡಿದ್ದರಲ್ಲ. ತಾವೇ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಅಳತೆ ಕೋಣೆಗೆ ನಡೆಸಿಕೊಂಡು ಹೋಗಿ, ಕಮಲಮ್ಮನ ಕುರ್ಚಿಯಲ್ಲಿ ಕೂರಿಸಿದರು. ಇವತ್ತಿಂದ ನೀನು ಇಲ್ಲೇ ಕಣಪ್ಪ ಅಂದರು. ಯಮನಪ್ಪ ಆ ಖುಷಿಗೆ ಉಳಿದ ಬಜ್ಜಿಯನ್ನೆಲ್ಲ ಒಬ್ಬನೇ ತಿಂದ.

ಆ ಮಧ್ಯಾಹ್ನದ ಸುಖವನ್ನು ರೇವಣಸಿದ್ದ ಯಾವತ್ತೂ ಮರೆಯುವುದಿಲ್ಲ. ಕಣ್ಣು ತಿಳಿಯಾಯಿತು, ಕಾಲು ಗಟ್ಟಿಯಾಯಿತು. ಕಮಲಮ್ಮ ಬಿಟ್ಟುಹೋಗಿದ್ದ ಗೇರಿನ ರಾಶಿಯನ್ನು ಒಂದೂ ತಪ್ಪದೆ ಅಳೆದು ಮುಗಿಸಿದ. ಸಂಜೆ ಮಾಲೀಕರು ಬಾಗಿಲು ತೆರೆದಾಗ ಅವನು ಸ್ಟೂಲಿನ ಮೇಲೆ ಒಂಟಿ ಕಾಲಲ್ಲಿ ನಿಂತು, ಮೇಲಿನ ಹಲಗೆಗೆ ಗೇರು ಜೋಡಿಸುತ್ತ ಸಿಳ್ಳೆ ಹಾಕುತ್ತಿದ್ದ.

ನರಸಿಂಹಯ್ಯ ಬಾಗಿಲಲ್ಲೇ ನಿಂತು ಕಣ್ತುಂಬ ನೋಡಿದರು. ಆಮೇಲೆ ಮೇಲೆ ನೋಡಿ ದೇವರಿಗೆ ಕೈಮುಗಿದರು.

"ವಾಸಿ ಆಗ್ಬುಟ್ಯಲ್ಲೋ ಮಗಾ," ಅಂದರು. "ಡಾಕ್ಟ್ರು ಕೈಲಾಗದ್ದು ನನ್ ಕೋಣೇಲಿ ಒಂದೇ ಮದ್ಯಾನ್ಕೆ ಆಗೋಯ್ತು."

ಆ ಸಂತೋಷಕ್ಕೆ ಕಾರ್ಖಾನೆಗೆಲ್ಲ ಮೈಸೂರುಪಾಕು ಹಂಚಿಸಿದರು. ಮೊದಲ ತುಂಡನ್ನು ರೇವಣಸಿದ್ದನ ಬಾಯಿಗೇ ತುರುಕಿ, ನಾಳೆ ಬೆಳಗ್ಗೆಯಿಂದ ಮಾಮೂಲಿನ ಹಾಗೆ ಕುಲುಮೆಗೆ ಬಾ, ಈ ಕೋಣೆಯನ್ನು ಇನ್ನು ಕಾಯಿಲೆಯವರಿಗೆ ಅಂತಲೇ ಇಡುತ್ತೇನೆ, ಯಮನಪ್ಪ ಯಾಕೋ ಹೊಟ್ಟೆ ಹಿಡಿದುಕೊಂಡು ಬಗ್ಗಿ ನಡೆಯುತ್ತಿದ್ದಾನೆ, ಅವನೇ ಕೂರಲಿ ಅಂದರು.

ರೇವಣಸಿದ್ದ ಬಾಯಲ್ಲಿ ಮೈಸೂರುಪಾಕು ಇಟ್ಟುಕೊಂಡೇ ಇಲ್ರೀ, ಹಂಗಲ್ರೀ ಅಂದ. ಬಿಸಿಗೆ ಬರುತ್ತದೆ, ತಂಪಿಗೆ ಹೋಗುತ್ತದೆ, ಹೋಯಿತು ಅಂದರೆ ವಾಸಿಯಾಯಿತು ಅಂತಲ್ಲ, ಅಂತ ಮೊದಲಿಂದ ಹೇಳಲು ಹೊರಟ.

"ಅದೇನಿದ್ರೂ ನಿಂತ್ಕೊಂಡು ಯಾಕೆ ಮಾತು," ಅಂತ ಮಾಲೀಕರು ಪ್ರೀತಿಯಿಂದ ಅವನ ಹೆಗಲ ಮೇಲೆ ಕೈಹಾಕಿದರು. "ಕ್ಯಾಬಿನ್ನಿಗೆ ಬಾ. ಕರೆಂಟು ಬಂದದೆ, ಏಸಿ ಆಕಿವ್ನಿ."