ಉಡಚಪ್ಪನ ಹೆಡೆ

ಬೆನ್ನು ನೋವು ಅಂತ ಹೋದವನಿಗೆ ಔಷಧಿ ಕೊಡದೆ ಕಸರತ್ತು ಕಲಿಸಿ ಕಳಿಸಿದ ಹುಬ್ಬಳ್ಳಿ ಡಾಕ್ಟರರದೇ ತಪ್ಪು ಎಂದು ಅಕ್ಕಿಆಲೂರಿನ ಕೆಲವರು ಇವತ್ತಿಗೂ ಹೇಳುತ್ತಾರೆ. ಹೇಳಲಿ ಬಿಡಿ, ಆಡುವ ಬಾಯಿಗೆ ಬೀಗ ಹಾಕುವವರಾರು?

ಉಡಚಪ್ಪ ಅಕ್ಕಿ ಗಿರಣಿಯ ಹಮಾಲ. ಚೀಲ ಹೊರುವಾಗ ಸೊಂಟ ಹಿಡಿದು ಹಾಸಿಗೆ ಸೇರಿದ್ದ. ಬೋರಲು ಮಲಗು, ಅಂಗೈ ಊರು, ಎದೆ ಎತ್ತು, ಉಸಿರು ಮೆಲ್ಲಗೆ ಬಿಡು ಎಂದಿದ್ದರು ಡಾಕ್ಟರು. ಹಾಗೇ ಮಾಡುತ್ತ ಬಂದದ್ದಕ್ಕೆ ಬೆನ್ನು ಹಗುರಾಗಿತ್ತು. ಅಷ್ಟರಲ್ಲಿ ಹಮಾಲರ ಮೇಲಿನ ಮುಕಾದಮ ಮಹಾಲಿಂಗಪ್ಪ ಹೇಳಿ ಕಳಿಸಿದ: "ಇವತ್ತ ಮಧ್ಯಾಹ್ನದೊಳಗ ಬರಲಿಲ್ಲಂದ್ರ ನಿನ್ನ ಜಾಗಾಕ್ಕ ಇಸಾಕ ಬರ್ತಾನ." ಮನೆಯಲ್ಲಿ ಹಿಟ್ಟಿನ ಡಬ್ಬಿ ಬರಿದು. ಮಕ್ಕಳು ರಾತ್ರಿ ನೀರು ಕುಡಿದು ಮಲಗಿದ್ದವು. ಹೆಂಡತಿ ತಿಪ್ಪವ್ವ ಹಿಟ್ಟು ಕಡ ಕೇಳಲು ಹೋಗಿದ್ದಳು.

ಹೊರಡುವ ಮುನ್ನ ಇನ್ನೊಂದು ಸಲ ಅಂತ ಉಡಚಪ್ಪ ಹಿತ್ತಲಲ್ಲಿ ಬೋರಲು ಬಿದ್ದು ತಲೆ ಎತ್ತಿ 'ಉಸ್ಸ್' ಎಂದು ಉಸಿರು ಬಿಟ್ಟ. ನಾಗರ ಪಂಚಮಿ ಹತ್ತಿರವಿತ್ತು. ಪಕ್ಕದ ಮನೆಯ ಫಕ್ಕೀರವ್ವ ಗೋಡೆಯ ಮೇಲಿಂದ ಇಣುಕಿದಳು. ಊರಿನ ಅರ್ಧ ಸುದ್ದಿ ಹುಟ್ಟುವುದೇ ಆಕೆ ಇಣುಕಿದಾಗ.

"ಯವ್ವಾ! ಉಡಚಪ್ಪನ ಮೈಮ್ಯಾಲೆ ನಾಗಪ್ಪ ಬಂದಾನಬೇ! ಹೆಡಿ ಎತ್ಯಾನ, ಬರ್ರಿ!"

ಓಣಿಗೆ ಓಣಿಯೇ ಬಂತು.

"ಇದು ದವಾಖಾನಿ ಕಸರತ್ತಬೇ, ಸೊಂಟಕ್ಕ ಹೇಳ್ಯಾರ" ಎಂದು ಉಡಚಪ್ಪ ಅಂಗಲಾಚಿದ.

"ನಾ ದೇವರು ಅಂತ ದೇವರು ಯಾವತ್ತರ ಹೇಳ್ಯಾನೇನು?" ಎಂದಳು ಓಣಿಯ ಹಿರಿಯಳು ಮುದಕವ್ವ. ಎಲ್ಲರೂ ತಲೆದೂಗಿದರು.

ದಡಕ್ಕನೆ ಏಳಬಾರದು, ಮಗ್ಗುಲಾಗಿ ತೆವಳಿ ಏಳು ಎಂದಿದ್ದರಲ್ಲ ಡಾಕ್ಟರು, ಪಾಪ, ಹಾಗೇ ಎದ್ದ. ತೆವಳಿದ್ದು ಕಂಡದ್ದೇ ತಡ, ತಂಬಿಗೆಗಟ್ಟಲೆ ಹಾಲು ತಲೆಯ ಮೇಲೆ ಸುರಿಯಿತು. ಅವನ ಮಕ್ಕಳು ಬಾಗಿಲಲ್ಲಿ ನಿಂತು, ಮಣ್ಣಿನಲ್ಲಿ ಇಂಗುವ ಹಾಲನ್ನು ನೋಡುತ್ತಿದ್ದವು. ಅಯ್ಯೋ, ಆ ನೋಟ ವೈರಿಗೂ ಬೇಡ.

ಬಿಡಿಸಿಕೊಂಡು ಗಿರಣಿಗೆ ಓಡಿದ. ಜನ ಬೆನ್ನು ಹತ್ತಿದರು. ಇಸಾಕ ಆಗಲೇ ಹೆಗಲಿಗೆ ಗೋಣಿತಟ್ಟು ಹಾಕಿಕೊಂಡು ನಿಂತಿದ್ದ. ಉಡಚಪ್ಪ ತುಂಬಿದ ಚೀಲ ಎತ್ತಿ ಬೆನ್ನಿಗೆ ಹಾಕಿದ. ನೋವಿಲ್ಲ! ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು.

"ನಿನ್ನೆ ಬಗ್ಗಾಕ ಬರ್ತಿದ್ದಿಲ್ಲ, ಇವತ್ತ ಚೀಲ! ನರಮನಷ್ಯಾರ ಕೆಲಸ ಅಲ್ಲಿದು, ಮೈಮ್ಯಾಲೆ ನಾಗಪ್ಪ ಬಂದಾನ" ಎಂದು ಫಕ್ಕೀರವ್ವ ಕೈಮುಗಿದಳು.

ಮಹಾಲಿಂಗಪ್ಪ ಧೊಪ್ಪನೆ ಕಾಲಿಗೆ ಬಿದ್ದ. "ಇಳಸ್ರಿ ಯಪ್ಪಾ! ನಾಗಪ್ಪನ ಮ್ಯಾಲೆ ಚೀಲ ಹೊರಿಸಿದ್ರ ನನ್ನ ವಂಶ ಉಳಿತೈತೇನ್ರಿ? ಈ ಕೆಲಸ ಒಂದು ಬ್ಯಾಡ. ಬ್ಯಾರೆ ಏನರ ಬೇಡ್ರಿ, ಕೊಡ್ತೇನಿ."

ಕಸರತ್ತು ಅಂದರೆ ಇವರು ನಂಬುವವರಲ್ಲ. ಹಸಿದ ಮಕ್ಕಳ ಸಲುವಾಗಿ ಒಂದು ಗಳಿಗೆ ದೇವರಾದರೆ ತಪ್ಪೇನು? ಉಡಚಪ್ಪ ದನಿ ದಪ್ಪ ಮಾಡಿದ.

"ನನಗ ಎರಡು ಚೀಲ ಜ್ವಾಳ ಬೇಕು!"

ಮುಗಿದ ಕೈಗಳು ಕೆಳಗಿಳಿದವು.

"ಹಾವು ಜ್ವಾಳ ತಿಂತೈತೇನಬೇ?" ಎಂದಳು ಮುದಕವ್ವ.

ಮಹಾಲಿಂಗಪ್ಪ ಎದ್ದು ಮೊಣಕಾಲಿನ ಧೂಳು ಝಾಡಿಸಿಕೊಂಡ. "ಕಳ್ಳ! ದೇವರ ಸೋಗು ಹಾಕಿ ಮಂದಿಗೆ ಮೋಸ ಮಾಡ್ತೀಯೇನಲೇ? ಇನ್ನ ಗಿರಣಿ ಬಾಗಲ ತುಳದೀಯ, ನಡಿ! ಇಸಾಕ, ಎತ್ತು ಚೀಲ."

"ನನ್ನ ಬೆನ್ನು ಆರಾಮ ಆಗೇತ್ರಿ, ಯಪ್ಪಾ" ಎಂದು ಉಡಚಪ್ಪ ಅತ್ತ. ಹಾಲು ಹಾಳಾಯಿತೆಂದು ಬೈಯುತ್ತ ಜನ ಚದುರಿದರು.

ತಿಪ್ಪವ್ವ ಬರಿಗೈಯಲ್ಲಿ ಬಂದು ಕೂತಿದ್ದಳು. ಉಡಚಪ್ಪ ಎಲ್ಲ ಹೇಳಿ ಗೋಡೆಗೊರಗಿದ. ಆಕೆ ಬೈಯಲಿಲ್ಲ.

"ಅಲ್ರೀ, ಹಾಲು ಬೇಡಬಾರದಾಗಿತ್ತೇನ್ರಿ? ದಿನಾ ತಂದು ಕೊಡ್ತಿದ್ರು. ಹುಡುಗ್ರು ಕುಡೀತಿದ್ವು."