ಆಷಾಢ ಕಳೆಯಲಿ ಎಂದೆ

ಪುಣೆಯ ಕಂಪನಿಯೊಂದು ತನ್ನ ಮಿಕ್ಸಿ, ಗ್ರೈಂಡರುಗಳ ಜೊತೆ ಕೊಡುವ ಪುಸ್ತಿಕೆಗಳನ್ನು ಕನ್ನಡಕ್ಕೆ ತರಲು ನನ್ನನ್ನು ಒಂದು ವರ್ಷದ ಗುತ್ತಿಗೆಗೆ ಆರಿಸಿತು. ಆ ಇ-ಮೇಲ್ ಬಂದ ದಿನ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ನನ್ನಷ್ಟು ದೊಡ್ಡ ಮನುಷ್ಯ ಇನ್ನೊಬ್ಬನಿರಲಿಲ್ಲ. ನಮ್ಮ ಮನೆಯ ಮಿಕ್ಸಿಗೆ ಮುಚ್ಚಳ ಕೂರಿಸಲು ನನಗೆ ಇಂದಿಗೂ ಬರುವುದಿಲ್ಲ. ಅದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಲ್ಲಿಯವರೆಗೆ ನಾನು ಮದುವೆ ಪತ್ರಿಕೆ, ಕರಪತ್ರ ತಿದ್ದುತ್ತ ಕಾಲ ಹಾಕುತ್ತಿದ್ದವನು. ಮನೆ ನಡೆಯುತ್ತಿದ್ದುದು ಹೆಂಡತಿ ಶಾಂತಾಳ ಹೊಲಿಗೆ ತರಗತಿಯಿಂದ. ಮುಂದಿನ ಕೋಣೆಯಲ್ಲಿ ಎರಡು ಮಿಷಿನ್ನು, ಎಂಟು ಹುಡುಗಿಯರು, ದಿನವಿಡೀ ಗಲಗಲ.

"ಇನ್ನು ಮುಂದೆ ಈ ಕೋಣೆ ನನ್ನ ಕಾರ್ಯಾಲಯ" ಎಂದು ಘೋಷಿಸಿದೆ.

"ಹುಡುಗೇರು ಎಲ್ಲಿ ಕುಂದ್ರಬೇಕು?" ಎಂದಳು ಶಾಂತಾ.

"ಸದರಿ ತರಗತಿಯನ್ನು ಮುಂದಿನ ಆದೇಶದವರೆಗೆ ಸ್ಥಗಿತಗೊಳಿಸಲಾಗಿದೆ."

"ಮೊದ್ಲು ಕೆಲಸ ಶುರು ಮಾಡ್ರಿ. ಒಂದು ತಿಂಗಳು ಅಡುಗೆಮನೆಯಾಗೇ ಕುಂತು ಮಾಡ್ರಿ. ಆಮ್ಯಾಲೆ ನೋಡಾಣ."

ಅಡುಗೆಮನೆಯಲ್ಲಿ ಕೂತು ಪುಣೆಯವರ ಜೊತೆ ಮಾತಾಡುವುದೇ! ಮರುದಿನವೇ ಎರಡೂ ಮಿಷಿನ್ನು ಲಗೇಜ್ ಆಟೋ ಹತ್ತಿ ಹರಿಹರದಲ್ಲಿರುವ ಅವಳ ತಂಗಿ ಸುಮಾಳ ಮನೆಗೆ ಹೋದವು. ಹುಡುಗಿಯರು ಮನೆಗೆ ಹೋದರು. ಶಾಂತಾ ಕೋಣೆಯ ಮೂಲೆಯಲ್ಲಿ ಬಿದ್ದಿದ್ದ ದಾರದ ಚೂರುಗಳನ್ನು ಗುಡಿಸಿ ಒಳಗೆ ನಡೆದಳು.

ಕಂಪನಿಯವರು ಕೂಡಲೇ ಶುರು ಮಾಡಿ ಎಂದರು. ಆದರೆ ಆಷಾಢ ಮುಗಿಯಲು ಇನ್ನೂ ಹನ್ನೆರಡು ದಿನವಿತ್ತು. ಆಷಾಢದಲ್ಲಿ ಯಾರಾದರೂ ಹೊಸ ಕೆಲಸಕ್ಕೆ ಕೈ ಹಚ್ಚುತ್ತಾರೆಯೇ? "ಶ್ರಾವಣದ ಮೊದಲ ಸೋಮವಾರದ ಶುಭ ಮುಹೂರ್ತದಲ್ಲಿ ಕಾರ್ಯಾರಂಭ ಮಾಡಲು ಅನುಮತಿ ಕೋರುತ್ತೇನೆ" ಎಂದು ಬರೆದೆ.

"ಅವರು ಕೇಳಿದಾಗ ಮಾಡ್ಬೇಕ್ರಿ. ಮಿಕ್ಸಿಗೆ ಯಾವ ಆಷಾಢ?" ಎಂದಳು ಶಾಂತಾ.

"ನಿನಗೆ ತಿಳಿಯೋದಿಲ್ಲ, ಸುಮ್ನಿರು" ಎಂದೆ. ಪುಣೆಯಿಂದ ಉತ್ತರ ಬರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಳ್ಳುವಷ್ಟು ಸಂಸ್ಕೃತ ನನಗೆ ಬರುತ್ತಿತ್ತು. ಅದೇ ದುರದೃಷ್ಟ.

ಸೋಮವಾರ ಪೂಜೆಗೆ ಅಯ್ಯನವರು ಬಂದರು. ಬಾಗಿಲಿಗೆ ಮಾವಿನ ತೋರಣ, ಲ್ಯಾಪ್‌ಟಾಪಿಗೆ ವಿಭೂತಿ, ಕುಂಕುಮ, ಸೇವಂತಿಗೆ ಹೂವು. ಓಣಿಯವರೆಲ್ಲ ಬಂದು ಮಂಡಕ್ಕಿ, ಮಿರ್ಚಿ ತಿಂದು, ಒಳ್ಳೇದಾಗಲಿ ಎಂದು ಹರಸಿ ಹೋದರು. ಆಮೇಲೆ ನಾನು ಹೂವು ಸರಿಸಿ, ಮುಹೂರ್ತಕ್ಕೆಂದು ಅಷ್ಟು ದಿನ ಮುಚ್ಚಿಟ್ಟಿದ್ದ ಲ್ಯಾಪ್‌ಟಾಪ್ ತೆರೆದೆ. ಆಷಾಢದ ಕೊನೆಯ ದಿನವೇ ಪತ್ರ ಬಂದು ಕೂತಿತ್ತು. ಯೋಜನೆ ಕೈಬಿಟ್ಟಿದ್ದೇವೆ, ತಮ್ಮ ಆಸಕ್ತಿಗೆ ಧನ್ಯವಾದ, ಭವಿಷ್ಯಕ್ಕೆ ಶುಭಾಶಯ.

ಶುಭಾಶಯವನ್ನು ನಾಲ್ಕು ಸಲ ಓದಿದೆ. ಹೊರಗೆ ಶಾಂತಾ ತಟ್ಟೆ ತೊಳೆಯುತ್ತಿದ್ದಳು. ಎದ್ದು ಹೋಗಿ ಹೇಳಬೇಕಿತ್ತು. ನಾನು ಎದ್ದು ಬಾಗಿಲು ಹಾಕಿಕೊಂಡೆ.

ಮೂರು ದಿನ ಹಾಗೇ ಆಫೀಸು ನಡೆಸಿದೆ. ಹತ್ತಕ್ಕೆ ಒಳಗೆ, ಐದಕ್ಕೆ ಹೊರಗೆ. ಎದುರುಮನೆಯ ನಾಗರತ್ನಮ್ಮ "ಸರ್ದು ಮೀಟಿಂಗ್ ಐತಂತೆ" ಎಂದು ಖಾರ ಕುಟ್ಟುವುದನ್ನು ಸಂಜೆಗೆ ಹಾಕಿದರು. ಪಕ್ಕದ ಮನೆಯವರು ಟಿವಿ ಸಣ್ಣಗೆ ಮಾಡಿದರು. ಇಡೀ ಓಣಿ ನನಗಾಗಿ ಉಸಿರು ಬಿಗಿಹಿಡಿದಿತ್ತು. ಅದಕ್ಕೆ ಮರ್ಯಾದೆ ಕೊಡಲೆಂದು ನಾನು ಆಗಾಗ ಗಟ್ಟಿಯಾಗಿ "ಎಸ್ ಸರ್, ಓಕೆ ಸರ್" ಎನ್ನುತ್ತಿದ್ದೆ.

ನನ್ನದು ಹಳೇ ಲ್ಯಾಪ್‌ಟಾಪು. ಬ್ಯಾಟರಿ ಸತ್ತು ವರ್ಷವಾಗಿದೆ, ವೈರು ಕಿತ್ತರೆ ಅದೂ ಹೋಯಿತು. ಗುರುವಾರ ಮಧ್ಯಾಹ್ನ ನಾನು ಓಕೆ ಸರ್ ಎನ್ನುತ್ತಿದ್ದಾಗ ಶಾಂತಾ ಚಹಾ ಹಿಡಿದು ಬಂದಳು.

"ಕರೆಂಟ್ ಹೋಗಿ ಒಂದು ತಾಸಾತು. ಫೋನು ಅಲ್ಲಿ ಕಟ್ಟೆ ಮ್ಯಾಲೆ ಐತೆ. ಯಾರ ಕೂಡ ಮಾತಾಡಾಕತ್ತೀರಿ?"

ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಚಹಾ ಕೆಳಗಿಟ್ಟು "ನಡೀರಿ, ಮಿಷಿನ್ನು ತರಾಣ" ಎಂದಳು, ಅಷ್ಟೇ.

ಹರಿಹರದಲ್ಲಿ ಸುಮಾಳ ಪಡಸಾಲೆ ತುಂಬ ಹುಡುಗಿಯರು ಕೂತಿದ್ದರು. ಮಿಷಿನ್ನು ಸುಮ್ಮನೆ ಬಿದ್ದಿವೆಯಲ್ಲ ಎಂದು ಅವಳೇ ತರಗತಿ ಶುರು ಮಾಡಿದ್ದಳು. ಅದೂ ಆಷಾಢದಲ್ಲಿ!

"ಭಾವ, ದೀಪಾವಳಿ ತನಕ ಕಲಿಸ್ತೀನಿ ಅಂತ ಮಾತು ಕೊಟ್ಟೀನಿ. ಈಗ ಮಿಷಿನ್ನು ಒಯ್ದರೆ ಇವರಿಗೆ ಏನ್ ಹೇಳ್ಲಿ?" ಎಂದಳು. ಕೊಟ್ಟ ಮಾತನ್ನು ಹಿಂದಕ್ಕೆ ತಗೊಂಡರೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಶಾಂತಾ ಮಿಷಿನ್ನಿನ ಮೇಲೆ ಕೈಯಾಡಿಸಿ, "ಹಂಗಾರೆ ನಾನೇ ಬರ್ತೀನಿ ಬಿಡು, ಇಬ್ರೂ ಕಲಿಸಾಣ" ಎಂದಳು. ಸ್ವಂತ ತರಗತಿ ನಡೆಸುತ್ತಿದ್ದವಳು ತಂಗಿಯ ಕೈಕೆಳಗೆ ಟೀಚರಾದಳು. ನನ್ನಿಂದ.

ಮರುದಿನ ಬೆಳಗ್ಗೆ ಬುತ್ತಿ ಹಿಡಿದು ಅವಳ ಹಿಂದೆ ಬಸ್ ಸ್ಟ್ಯಾಂಡಿಗೆ ಹೋದೆ. ದಾರಿಯುದ್ದಕ್ಕೂ "ತಪ್ಪಾಯಿತು" ಎನ್ನಲು ಒಳ್ಳೆಯ ಕನ್ನಡ ಹುಡುಕಿದೆ, ಸಿಗಲಿಲ್ಲ. ಅವಳು ಬುತ್ತಿ ಇಸ್ಕೊಂಡು, ಹತ್ತಿ, ಕಿಟಕಿ ಪಕ್ಕ ಕೂತಳು. ಬಸ್ಸು ಹೊರಟಿತು. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಕೈ ಬೀಸಿದೆ. ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿದ.

"ಲಗೂ ಹತ್ರಿ ಯಜಮಾನ್ರೆ, ಲೇಟಾಗ್ತೈತೆ."

"ನಾನಲ್ರಿ" ಎಂದೆ. "ಕೆಲಸಕ್ಕೆ ಹೋಗೋರು ಅವರು."

ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು. ಅವಳೊಬ್ಬಳು ನೋಡಲಿಲ್ಲ.