ಸಂಗಕ್ಕನ ಒಂಬತ್ತು ನಿಮಿಷ

ಹೊಸ ಕಾರಿಗೆ ಫೋನು ಜೋಡಿಸುವ ಕೆಲಸವನ್ನು ಯಾರ ಸಹಾಯವೂ ಇಲ್ಲದೆ ನಾನೊಬ್ಬನೇ ಮಾಡಿ ಮುಗಿಸುತ್ತೇನೆ ಎಂದು ಷೋರೂಮಿನಲ್ಲಿ ನಿಂತೇ ಘೋಷಿಸಿದ ಮಹಾನುಭಾವ ನಾನು. ಕೀಲಿಕೈ ಕೊಡಲು ಬಂದಿದ್ದ ಫಿಜಾ ಎಂಬಾಕೆ ಪಾಪ, ಸಭ್ಯವಾಗಿಯೇ ಕೇಳಿದ್ದಳು. "ಬ್ಲೂಟೂತ್ ಪೇರ್ ಮಾಡಿ ಕೊಡ್ಲೇನ್ರಿ ಅಂಕಲ್? ಎರಡ ನಿಮಿಷದ ಕೆಲಸ."

"ತಂಗೀ, ದುರ್ಗದಬೈಲಿನ್ಯಾಗ ಮೂವತ್ತು ವರ್ಷದಿಂದ ಭಾಂಡೆ ಅಂಗಡಿ ನಡಸಾಕತ್ತೇನಿ. ನಾ ಬಿಚ್ಚಿ ಜೋಡಸಲಾರದ ಕುಕ್ಕರ್ ಇನ್ನೂ ಹುಟ್ಟಿಲ್ಲ. ಇದೇನ್ ಮಹಾ" ಎಂದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿ ಭಾಗ್ಯಶ್ರೀ ಮೆಲ್ಲಗೆ, "ಅಕಿನ ಮಾಡಿ ಕೊಡ್ಲಿ ಬಿಡ್ರಿ" ಎಂದಳು. ಆವತ್ತು ಆ ಮಾತು ಕೇಳಿದ್ದರೆ ಇವತ್ತು ಇದನ್ನು ಬರೆಯುವ ಕರ್ಮ ನನಗೆ ಬರುತ್ತಿರಲಿಲ್ಲ.

ನನ್ನ ಬಗ್ಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಪ್ಪ ನನ್ನನ್ನು ಅಂಗಡಿಯಲ್ಲಿ ಕೂರಿಸಿದ ದಿನ ಕಲಿಸಿದ ವಿದ್ಯೆ ಒಂದೇ. ಗಿರಾಕಿ ಮೆಟ್ಟಿಲು ಇಳಿಯುವ ತನಕ ಮಾತು ನಿಲ್ಲಿಸಬಾರದು. ಮಾತು ನಿಂತಿತೋ, ಗಿರಾಕಿ ಎದುರಿನ ಅಂಗಡಿಯ ಕಡೆ ನೋಡಿದ ಎಂದೇ ಲೆಕ್ಕ. ಹೀಗಾಗಿ ಕುಕ್ಕರಿನ ಸೀಟಿಯೊಂದರ ಮೇಲೆಯೇ ನಾನು ಕಾಲು ಗಂಟೆ ಮಾತಾಡಬಲ್ಲೆ. ನನಗೆ ಏನೂ ಗೊತ್ತಿಲ್ಲದ ವಸ್ತುವಾದರೆ ಅರ್ಧ ಗಂಟೆ.

ಭಾನುವಾರ ಬೆಳಿಗ್ಗೆ ಗೋಪನಕೊಪ್ಪದ ನಮ್ಮ ಮನೆಯ ಗೇಟಿನೊಳಗೆ, ಅಡುಗೆಮನೆಯ ಕಿಟಕಿಗೆ ತಾಗಿಸಿ ನಿಲ್ಲಿಸಿದ್ದ ಕಾರಿನಲ್ಲಿ ಕೂತು ಕಾರ್ಯಾರಂಭ ಮಾಡಿದೆ. ಪ್ರಯೋಗಕ್ಕೆ ಹೆಂಡತಿಯ ಫೋನು ಆರಿಸಿಕೊಂಡೆ. ಕೆಟ್ಟರೆ ನನ್ನದಾದರೂ ಉಳಿಯಲಿ ಎಂಬ ಮುಂದಾಲೋಚನೆ.

ಮೊದಲ ಪ್ರಯತ್ನದಲ್ಲಿ ಎದುರುಮನೆಯ ಹಾಜರಾಬಿ ಬಾಗಿಲಿಗೆ ಬಂದು ನಿಂತರು. "ಅಣ್ಣಾರ, ನಿಮ್ಮ ಮನ್ಯಾವರ ಫೋನು ನಮ್ಮ ಟೀವಿ ಕೂಡ ಕೂಡತೇನಿ ಅಂತ ಕೇಳಾಕತ್ತೈತ್ರಿ. ಹೂಂ ಅನ್ಲೋ ಬ್ಯಾಡ ಅನ್ಲೋ?"

"ಬ್ಯಾಡ ಅನ್ರಿ" ಎಂದು ಕೂಗಿದೆ. ಎರಡನೆಯ ಸಲ ಕಾರಿನ ಪರದೆಯ ಮೇಲೂ ಫೋನಿನ ಮೇಲೂ ಆರಂಕಿಯ ಒಂದು ಸಂಖ್ಯೆ ಬಂತು. ಎರಡೂ ಒಂದೇ ಆಗಿದ್ದರೆ ಒಪ್ಪಿಗೆ ಕೊಡಿ ಎಂದಿತು. ವಧೂವರರ ಜಾತಕ ನೋಡುವಷ್ಟು ಗಂಭೀರವಾಗಿ ಒಂದೊಂದೇ ಅಂಕಿ ತಾಳೆ ನೋಡಿ ಒತ್ತಿದೆ. ಕೂಡಿತು! ಫೋನನ್ನು ಒಯ್ದು, ರೊಟ್ಟಿ ಬಡಿಯುತ್ತಿದ್ದ ಭಾಗ್ಯಶ್ರೀಯ ಪಕ್ಕದಲ್ಲಿಟ್ಟು, "ಆತು ನೋಡು" ಎಂದು ಹೇಳಿ, ಮತ್ತೆ ಬಂದು ಕಾರಿನಲ್ಲಿ ಕೂತು, ಪರದೆ ನೋಡಿ ನೋಡಿ ಸಂತೋಷಪಡತೊಡಗಿದೆ.

ಆಗ ಕಾರು ಮಾತಾಡಿತು. "ಭಾಗೀ."

ನಾನು ಎದ್ದ ರಭಸಕ್ಕೆ ತಲೆ ಮೇಲಕ್ಕೆ ಬಡಿಯಿತು. ನಾಲ್ಕೂ ಕಡೆಯಿಂದ ಬರುತ್ತಿದ್ದ ಆ ಧ್ವನಿ ಸಂಗಕ್ಕನದು.

ಸಂಗವ್ವ ನನ್ನ ಹೆಂಡತಿಯ ಅಕ್ಕ, ಒಬ್ಬಳೇ ಅಕ್ಕ. ಧಾರವಾಡದ ಕೆಲಗೇರಿಯಲ್ಲಿ ಮಗಳು ಸೌಂದರ್ಯಾಳ ಜೊತೆ ಇದ್ದರು. ಅಕ್ಕತಂಗಿಯರ ನಡುವೆ ಎಂಟು ತಿಂಗಳಿಂದ ಮಾತಿರಲಿಲ್ಲ. ಕಾರಣ ಒಂದು ಕೌದಿ. ತೀರಿಹೋದ ತಾಯಿಯ ಹಳೆಯ ಸೀರೆಗಳನ್ನೆಲ್ಲ ಸೇರಿಸಿ ಸಂಗಕ್ಕ ಕೌದಿ ಹೊಲಿದಿದ್ದರು. ಅದರಲ್ಲಿ ತಾಯಿಯ ಮದುವೆಯ ಇಳಕಲ್ ಸೀರೆಯೂ ತುಂಡಾಗಿ ಸೇರಿತ್ತು. ಅದನ್ನು ಕಂಡ ಭಾಗ್ಯಶ್ರೀ ಹತ್ತು ಜನರ ಎದುರು, "ಅವ್ವನ ಸೀರಿಗೆ ಕತ್ತರಿ ಹಾಕಾಕ ನಿನಗ ಹೇಳಿದಾವರು ಯಾರು?" ಎಂದುಬಿಟ್ಟಿದ್ದಳು. ಸಂಗಕ್ಕ ಎದ್ದು ಒಳಗೆ ಹೋದವರು ಆಮೇಲೆ ಫೋನು ಎತ್ತಲೇ ಇಲ್ಲ. ಇವಳು ಎರಡು ಸಲ ಮಾಡಿ ಸೋತು ಸುಮ್ಮನಾದಳು. ರಾತ್ರಿ ಊಟಕ್ಕೆ ಕೂತಾಗ ಸುಮ್ಮಸುಮ್ಮನೆ ಅಳುವುದು ಮಾತ್ರ ನಿಂತಿರಲಿಲ್ಲ.

ಅಂಥ ಅಕ್ಕ, ಎಂಟು ತಿಂಗಳ ಮೇಲೆ, ತಾವಾಗಿ ಮಾಡಿದ ಫೋನು ಅದು. ಒಳಗೆ ಭಾಗ್ಯಶ್ರೀ ಹಿಟ್ಟಿನ ಬೆರಳಿನಿಂದಲೇ ಫೋನು ಎತ್ತಿ, ಕನ್ನಡಕವಿಲ್ಲದೆ ಯಾರೆಂದೂ ತಿಳಿಯದೆ, "ಹಲೋ, ಹಲೋ" ಎಂದು ನೋಡಿ, ಏನೂ ಕೇಳದೆ, ಯಾವುದೋ ಜಾಹೀರಾತಿನದು ಎಂದು ಕಟ್ ಮಾಡದೆ ಅಲ್ಲೇ ಇಟ್ಟು ಮತ್ತೆ ರೊಟ್ಟಿಗೆ ಕೈ ಹಚ್ಚಿದ್ದಳು. ಅಕ್ಕನ ಧ್ವನಿಯನ್ನೆಲ್ಲ ಕಾರು ಎಳೆದುಕೊಂಡಿತ್ತು.

"ಅಕ್ಕಾರ, ನಾನ್ರಿ, ರಾಜಶೇಖರ. ನೀವು ನಮ್ಮ ಹೊಸಾ ಕಾರಿನ್ಯಾಗ ಮಾತಾಡಾಕತ್ತೀರಿ" ಎಂದೆ.

"ಕಾರಿನ್ಯಾಗ? ಭಾಗಿ ಎಲ್ಲಿ ಅದಾಳ್ರಿ? ಅಕಿಗೆ ಕೊಡ್ರಿ."

ಕೊಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಕಾರು ಬಂದ್ ಮಾಡಿದ್ದರೆ ಧ್ವನಿ ತಾನಾಗಿ ಫೋನಿಗೆ ಹೋಗುತ್ತಿತ್ತಂತೆ. ಅದು ಗೊತ್ತಾದದ್ದು ಆಮೇಲೆ. "ನನಗ ಗೊತ್ತಿಲ್ರಿ" ಎಂಬ ಎರಡು ಮಾತು ಹೇಳಿ ಹತ್ತು ಹೆಜ್ಜೆ ಒಳಗೆ ಓಡಿದ್ದರೂ ಸಾಕಾಗಿತ್ತು. ಆದರೆ ಮೂವತ್ತು ವರ್ಷ ಆ ಎರಡು ಮಾತನ್ನು ಯಾವ ಗಿರಾಕಿಗೂ ಹೇಳಿದವನಲ್ಲ ನಾನು. ಬಾಯಿ ತಾನಾಗಿ ತೆರೆಯಿತು. "ಕೊಡತೇನಿ ಅಕ್ಕಾರ, ಅದರ ಮೊದಲ ಇದೇನಂತ ಕೇಳ್ರಿ" ಎಂದು ಶುರುಮಾಡಿದೆ. ಮಾತಾಡುತ್ತಲೇ ಸಿಕ್ಕಸಿಕ್ಕ ಗುರುತು ಒತ್ತುತ್ತಾ ಹೋದೆ. ವೈಪರ್ ಆಡಿತು, ಹಾಡು ಬಂತು, ಹೋಯಿತು. ಕೊನೆಗೊಂದು ಕೆಂಪು ಗುರುತು ಒತ್ತಿದೆ. ಕಾರು ಗಪ್ಪಾಯಿತು.

ಒಳಗೆ ಹೋಗಿ, "ಸಂಗಕ್ಕಾರು ಫೋನ್ ಮಾಡಿದ್ರು" ಎಂದೆ.

ಬಡಿಯುತ್ತಿದ್ದ ಕೈ ನಿಂತಿತು. "ಅಕ್ಕ? ಏನಂದ್ಲು?"

ಅವಳ ಮುಖ ನೋಡಿದೆ. ಎಂಟು ತಿಂಗಳಿಂದ ಆ ಮುಖ ಹಾಗೆ ಅರಳಿದ್ದು ನೋಡಿರಲಿಲ್ಲ. ನಾನೇ ಕಟ್ ಮಾಡಿದೆ ಎಂದು ಹೇಳುವ ಧೈರ್ಯ ಬರಲಿಲ್ಲ. "ಆಮ್ಯಾಲ ಮಾಡತೇನಿ ಅಂದ್ರು" ಎಂದೆ.

ಇಷ್ಟೇ ನನ್ನ ಸುಳ್ಳು. ಅಂಗಡಿಯಲ್ಲಿ ದಿನಕ್ಕೆ ಇಂಥವು ಹತ್ತು ಹೇಳುತ್ತೇನೆ.

"ನೀನ ಮಾಡು" ಎಂದು ನಾನು ಎರಡು ಸಲ ಹೇಳಿದ್ದೂ ಹೌದು. ಅವಳು ಒಪ್ಪಲಿಲ್ಲ. "ಆಮ್ಯಾಲ ಮಾಡತೇನಿ ಅಂದಾಳಲ್ಲ, ಮಾಡ್ಲಿ. ಅಕಿನ ಒಂದ್ ಹೆಜ್ಜಿ ಮುಂದ ಇಟ್ಟಾಳ. ನಡುವ ನಾ ಅವಸರ ಮಾಡಿದ್ರ ಮತ್ತ ಸಿಟ್ಟಿಗೇಳತಾಳ." ಸ್ನಾನಕ್ಕೂ ಫೋನು ಒಯ್ದು ಬಾಗಿಲ ಹೊರಗೆ ಇಟ್ಟಳು. ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಇಟ್ಟಳು. ಅತ್ತ ಕೆಲಗೇರಿಯಲ್ಲಿ ಸಂಗಕ್ಕನೂ ಹಾಗೆಯೇ ಕೂತಿರಬೇಕು. ಕಟ್ ಆದದ್ದು ನಮ್ಮ ಕಡೆಯಿಂದಲ್ಲವೇ? ಇವರೇ ತಿರುಗಿ ಮಾಡುತ್ತಾರೆ ಎಂದು ಕಾದಿರಬೇಕು.

ಮೂರೂವರೆಗೆ ಫೋನು ಬಂತು. ಮಾಡಿದ್ದು ಸೌಂದರ್ಯಾ. ಸಂತೆಯಿಂದ ಮನೆಗೆ ಬಂದಾಗ ಅವ್ವ ಕುರ್ಚಿಯಲ್ಲಿ ಕೂತಲ್ಲೇ ವಾಲಿದ್ದಳಂತೆ. ದವಾಖಾನೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೆಲಗೇರಿಗೆ ಹೋಗಲು ಕಾರು ಹತ್ತಿದೆವು. ಚಾಲೂ ಮಾಡಿದ ಕೂಡಲೇ ಅದು, ಫೋನು ಕೂಡಿದೆ ಎಂದು ಉಲ್ಲಾಸದಿಂದ ಸಾರಿತು. ಅಷ್ಟು ಅಪಶಕುನದ ಮಾತನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ನನ್ನ ಶಿಕ್ಷೆ ಶುರುವಾಯಿತು. ಮಾತಾಡಿಸಲು ಬಂದ ಪ್ರತಿಯೊಬ್ಬರಿಗೂ ಭಾಗ್ಯಶ್ರೀ ಹೇಳುವುದು ಒಂದೇ. "ಅವತ್ತ ಮುಂಜಾನೆ ಫೋನ್ ಮಾಡಿದ್ಲರಿ. ಆಮ್ಯಾಲ ಮಾಡತೇನಿ ಅಂದಿದ್ಲು. ಯಾಕ ಮಾಡಿದ್ಲೋ, ಬೈಯಾಕ ಮಾಡಿದ್ಲೋ, ಕರಿಯಾಕ ಮಾಡಿದ್ಲೋ, ಹಂಗ ಹೋದ್ಲು." ಹಾಜರಾಬಿಗೆ ಹೇಳಿದಳು, ಹಾಲಿನವನಿಗೆ ಹೇಳಿದಳು, ಅಂಗಡಿಯ ಲೆಕ್ಕ ಬರೆಯುವ ಚನ್ನಯ್ಯನವರಿಗೆ ಹೇಳಿದಳು. ನನ್ನ ಆ ಸುಳ್ಳು ಹತ್ತು ದಿನದಲ್ಲಿ ಸಂಗಕ್ಕನ ಕೊನೆಯ ಮಾತಾಗಿ ಊರೆಲ್ಲ ತಿರುಗಿತು. ಪ್ರತಿ ಸಲ ಕೇಳಿದಾಗಲೂ ನಾನು ಎದ್ದು, ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಹನ್ನೊಂದನೆಯ ದಿನದ ಗಣಾರಾಧನೆ ಮುಗಿದು ಹೊರಟಾಗ ಸೌಂದರ್ಯಾ ಆ ಕೌದಿಯನ್ನು ಮಡಚಿ ತಂದಳು. "ಚಿಗವ್ವಾ, ಇದನ್ನ ನೀ ಒಯ್ಯಿ."

"ಬ್ಯಾಡವಾ. ಅಕಿ ಕೊಟ್ಟಿದ್ರ ತಲಿ ಮ್ಯಾಲಿಟ್ಟುಕೊಂಡ ಒಯ್ತಿದ್ದೆ. ಅಕಿ ಮನಸಿನ್ಯಾಗ ಏನಿತ್ತೋ ನನಗ ಗೊತ್ತಿಲ್ಲ. ಸಿಟ್ಟಿನ್ಯಾಗ ಹೋದಾಕಿ ಕೌದಿ ನಾ ಹೆಂಗ ಹೊದಿಯಲಿ?"

"ಆದ್ರ ಅವತ್ತ ನಿನ್ನ ಕೂಡ ಅವ್ವ ಒಂಬತ್ತು ನಿಮಿಷ ಮಾತಾಡ್ಯಾಳಲ್ಲ. ಅವ್ವನ ಫೋನಿನ್ಯಾಗ ಐತಿ. ಅಷ್ಟೊತ್ತು ಏನಂದ್ಲು?"

ಭಾಗ್ಯಶ್ರೀ ನನ್ನ ಕಡೆ ತಿರುಗಿದಳು. ನಾನು ಕಾರಿನ ಕೀಲಿಕೈ ಹುಡುಕತೊಡಗಿದೆ. ಅದು ನನ್ನ ಕೈಯಲ್ಲೇ ಇತ್ತು.

ಮನೆಗೆ ಹೊರಟ ಕಾರು ಸತ್ತೂರು ಮುಟ್ಟಿತು. ಆಗ ಕೇಳಿದಳು. "ಒಂಬತ್ತು ನಿಮಿಷ ಏನಂದ್ಲು ಅಕ್ಕ?"

"ಕೌದಿ ಭಾಗಿಗೇ ಕೊಡತೇನಿ ಅಂದ್ರು."

"ಸುಳ್ಳ. ಅಂದಿದ್ರ ಅವತ್ತ ಹೇಳತಿದ್ರಿ. ನಿಮ್ಮ ಹೊಟ್ಯಾಗ ಮಾತು ನಿಲ್ಲತಾವೇನು?"

ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ಸ್ಟೀರಿಂಗ್ ನೋಡುತ್ತಾ ಎಲ್ಲ ಹೇಳಿದೆ. ಅಕ್ಕ ಏನೂ ಹೇಳಲಿಲ್ಲ, ಹೇಳಲು ನಾನು ಬಿಡಲಿಲ್ಲ, ಆಮೇಲೆ ಮಾಡುತ್ತೇನೆ ಎಂದೂ ಅನ್ನಲಿಲ್ಲ, ಕೆಂಪು ಗುರುತು ಒತ್ತಿದವನು ನಾನು. ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು. ಐವತ್ತೈದು ವರ್ಷದ ಗಂಡಸು, ಬಸ್ಸು ಲಾರಿಗಳು ಹೋಗುತ್ತಿರುವ ರಸ್ತೆಯಲ್ಲಿ, ಶಲ್ಯದಿಂದ ಮುಖ ಒರೆಸಿಕೊಂಡೆ.

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. "ಅಕ್ಕಗ ಏನ್ ಹೇಳಿದ್ರಿ? ಹೆಂಗ ಹೇಳಿದ್ರಿ ಹಂಗ ನನಗೂ ಹೇಳ್ರಿ. ಒಂದ್ ಮಾತೂ ಬಿಡಬ್ಯಾಡ್ರಿ" ಎಂದಳು.

"ಬ್ಲೂಟೂತ್ ಬಗ್ಗೆ?"

"ಹೂಂ. ಅಕಿ ಕಡೀಕ ಕೇಳಿದ್ದು ಅದನ ಅಲ್ಲಾ? ನಾನೂ ಕೇಳತೇನಿ."

ಅಂಥ ಗಿರಾಕಿ ನನಗೆ ಹಿಂದೆ ಸಿಕ್ಕಿರಲಿಲ್ಲ, ಮುಂದೆ ಸಿಗುವುದೂ ಬೇಡ. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. "ಅಕ್ಕಾರ, ಇದಕ್ಕ ವೈರ್ ಬೇಕಾಗಿಲ್ರಿ. ಎಲ್ಲಾ ಗಾಳ್ಯಾಗ ಬರತೈತಿ. ಫೋನು ಮನ್ಯಾಗ ಐತಿ, ನಿಮ್ಮ ಧ್ವನಿ ಕಾರಿನ್ಯಾಗ ಐತಿ ಅಂದೆ."

"ಅಕ್ಕ ಏನಂದ್ಲು?"

"ಹೂಂ ಅಂದ್ರು."

"ಮುಂದ?"

"ನಾಲ್ಕು ಸ್ಪೀಕರ್ ಅದಾವ್ರಿ, ಮುಂದ ಎರಡು, ಹಿಂದ ಎರಡು ಅಂದೆ. ಭಾಗೀಗ ಕೊಡ್ರಿ ಅಂದ್ರು. ಹಿಂದಿನ್ವು ಹೆಂಗ ಕೇಳತಾವ ನೋಡತೇನಿ, ಒಂದೀಟು ತಡೀರಿ ಅಂತ ಹೇಳಿ ಇಳದು ಹಿಂದಿನ ಸೀಟಿಗೆ ಹೋದೆ."

"ತಡದ್ಲಾ?"

"ತಡದ್ರು. ಈಗ ಮಾತಾಡ್ರಿ ಅಂದೆ. ಏನ್ ಮಾತಾಡ್ಲಿ ಅಂದ್ರು. ಒಂದರಿಂದ ಹತ್ತರ ತನಕ ಎಣಸ್ರಿ ಅಂದೆ."

ಭಾಗ್ಯಶ್ರೀ ಸೆರಗು ಬಾಯಿಗೆ ಹಿಡಿದಳು. "ಎಣಸಿದ್ಲಾ?"

"ಎಣಸಿದ್ರು."

"ಹತ್ತೂ?"

"ಹತ್ತೂ. ಮತ್ತ ಮುಂದಿನ ಸೀಟಿಗೆ ಬಂದು, ಇನ್ನೊಮ್ಮೆ ಎಣಸ್ರಿ ಅಂದೆ. ಇನ್ನೊಮ್ಮೆ ಎಣಸಿ, ಈಗರ ಭಾಗೀಗ ಕೊಡ್ರಿ ಅಂದ್ರು. ಆವಾಗ ನಾ ಕೆಂಪಂದು ಒತ್ತಿದೆ."

ಅವಳು ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಭುಜಗಳು ಅಲುಗುತ್ತಿದ್ದವು. ಕಣ್ಣು ಒರೆಸಿಕೊಂಡು ಕೇಳಿದಳು.

"ನಿಮ್ಮ ಅಂಗಡ್ಯಾಗ ಗಿರಾಕಿ ನಿಮ್ಮ ಮಾತೆಲ್ಲಾ ಕೇಳಿಕೋತ ಒಂಬತ್ತು ನಿಮಿಷ ಕುಂತ್ರ ಏನ್ ತಿಳೀತೀರಿ?"

"ತಗೊಳ್ಳಾಕನ ಬಂದಾರ, ತಗೊಳ್ಳದ ಹೋಗೂದಿಲ್ಲ ಅಂತ."

"ಜಗಳಾ ಮಾಡಾಕ ಬಂದಾವರು?"

"ಅವರೆಲ್ಲಿ ಕುಂಡರತಾರ? ಎರಡು ನಿಮಿಷಕ್ಕ ಎದ್ದು ಹೋಗತಾರ."

"ಅಕ್ಕಗ ಸಿಟ್ಟಿದ್ರ ಮೂರರ ತನಕನೂ ಎಣಸತಿರಲಿಲ್ಲ. ನಿಮ್ಮನ್ನ ಒಂಬತ್ತು ನಿಮಿಷ ತಡಕೊಂಡಾಳಂದ್ರ, ಅಕಿಗೆ ನನ್ನ ಕೂಡ ಮಾತಾಡಬೇಕಾಗಿತ್ತು" ಎಂದಳು ಭಾಗ್ಯಶ್ರೀ. ಆಮೇಲೆ ಸೀಟಿನಲ್ಲಿ ನೆಟ್ಟಗೆ ಕೂತಳು. "ಗಾಡಿ ತಿರಗಸ್ರಿ. ಕೌದಿ ತರೂಣು."

ನಾನು ಏನೋ ಹೇಳಲು ಬಾಯಿ ತೆರೆದೆ.

"ನೀವು ಸುಮ್ಮಕಿರ್ರಿ" ಎಂದಳು.

ಸುಮ್ಮನಿದ್ದೆ. ಕೆಲಗೇರಿ ಮುಟ್ಟುವವರೆಗೂ ಒಂದು ಮಾತೂ ಆಡಲಿಲ್ಲ. ಪಕ್ಕದ ಸೀಟಿನಲ್ಲಿ ಭಾಗ್ಯಶ್ರೀ ಹೊರಗೆ ನೋಡುತ್ತಾ, ಬೆರಳು ಮಡಚುತ್ತಾ, ಮೆಲ್ಲಗೆ ಒಂದರಿಂದ ಹತ್ತು ಎಣಿಸುತ್ತಿದ್ದಳು.